ಸಿಹಿ ಮುಟ್ಟದ ಜಿರಲೆಗಳು

ಬೆಳಗಿನ ಐದು ಗಂಟೆ. ಆಸ್ಪತ್ರೆಯ ಅಡುಗೆಮನೆಯಲ್ಲಿ ಹಿಂದಿನ ದಿನ ಇಟ್ಟಿದ್ದ ಮದ್ದನ್ನು ಒಂದು ಜಿರಲೆಯೂ ಮುಟ್ಟಿರಲಿಲ್ಲ.

ಜಿರಲೆ ಮದ್ದಿನವನು ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಬೋರಲು ಮಲಗಿ ಟಾರ್ಚ್ ಬಿಟ್ಟು ನೋಡುತ್ತಿದ್ದ. ಮದ್ದಿನ ಕಂದು ಬೊಟ್ಟುಗಳು ಇಟ್ಟ ಹಾಗೇ ಒಣಗಿದ್ದವು. ಎದ್ದು ಕೂರಲು ಹೋದರೆ ಸೊಂಟ ಹಿಡಿದುಕೊಂಡಿತ್ತು.

"ಏನಾಯ್ತೋ?" ಒಲೆಯ ಬಳಿಯಿಂದ ಅಕ್ಕ ಕೇಳಿದಳು. ಈ ಅಡುಗೆಮನೆಯ ಉಸ್ತುವಾರಿ ಅವಳದು. ಎಂಟು ವರ್ಷದ ಹಿಂದೆ ಮೇಲಿನವರ ಕೈಕಾಲು ಹಿಡಿದು ತಮ್ಮನಿಗೆ ಇಲ್ಲಿ ಜಿರಲೆ ಹೊಡೆಯುವ ಗುತ್ತಿಗೆ ಕೊಡಿಸಿದವಳೂ ಅವಳೇ.

"ಮೂಸಿ ಕೂಡ ನೋಡಿಲ್ಲಕ್ಕ."

"ಅವಕ್ಕೂ ಸಕ್ಕರೆ ಕಾಯಿಲೆ ಬಂದಿರಬೇಕು. ಮೇಲಿನ ವಾರ್ಡಿಗೆ ಸೇರಿಸು."

ಅವನಿಗೆ ನಗು ಬರಲಿಲ್ಲ. ಹನ್ನೊಂದಕ್ಕೆ ತಪಾಸಣೆಯವರು ಬರುವವರಿದ್ದರು. ಒಂದು ಜಿರಲೆ ಕಣ್ಣಿಗೆ ಬಿದ್ದರೂ ಅಡುಗೆಮನೆಗೆ ಬೀಗ, ಅಕ್ಕನ ಕೆಲಸಕ್ಕೆ ಸಂಚಕಾರ.

ರಟ್ಟಿನ ಚೂರೊಂದರ ಮೇಲೆ ಒಂದು ಕಡೆ ಹೊಸ ಮದ್ದು, ಇನ್ನೊಂದು ಕಡೆ ಒಲೆಯ ಜಿಡ್ಡು ಹಚ್ಚಿ, ಗೋಡೆಯ ಬಿರುಕಿನ ಮುಂದಿಟ್ಟು ಕಾದ. ಜಿರಲೆಯೊಂದು ಮೀಸೆ ಆಡಿಸುತ್ತಾ ಬಂತು. ಮದ್ದಿಗೆ ಬಾಯಿ ತಾಗಿಸಿದ್ದೇ ತಡ, ಕೆಂಡ ಮುಟ್ಟಿದಂತೆ ಹಿಂದಕ್ಕೆ ಹಾರಿತು. ಆಮೇಲೆ ಸುತ್ತು ಬಳಸಿ ಜಿಡ್ಡಿನ ಹತ್ತಿರ ಹೋಗಿ ನೆಮ್ಮದಿಯಾಗಿ ತಿನ್ನತೊಡಗಿತು.

ಅವನಿಗೆ ಅರ್ಥವಾಯಿತು. ಮದ್ದಿನಲ್ಲಿದ್ದದ್ದು ಸಿಹಿ. ಮೊದಲ ವರ್ಷ ಸಿಹಿಗೆ ಮುಗಿಬಿದ್ದ ಜಿರಲೆಗಳು ರಾಶಿ ರಾಶಿ ಸತ್ತಿದ್ದವು. ಹುಟ್ಟಿನಿಂದಲೇ ಸಿಹಿ ಕಹಿಯೆನಿಸುವ ನಾಲ್ಕಾರು ಎಲ್ಲೋ ಇದ್ದಿರಬೇಕು. ಅವು ಉಳಿದವು, ಅವುಗಳ ಮರಿಗಳೂ ಅದೇ ರುಚಿ ಹೊತ್ತು ಬಂದವು. ಯಾವ ಜಿರಲೆಯೂ ಬುದ್ಧಿ ಕಲಿತಿರಲಿಲ್ಲ. ಕಾಟ ಹೆಚ್ಚಿದಾಗಲೆಲ್ಲ ಅವನು ಅದೇ ಮದ್ದನ್ನು ಇನ್ನಷ್ಟು ಇಟ್ಟು, ಸಿಹಿ ತಿನ್ನುವವನ್ನೇ ಹೆಕ್ಕಿ ಕೊಂದು, ತಿನ್ನದವಕ್ಕೆ ಜಾಗ ಮಾಡಿಕೊಟ್ಟಿದ್ದ.

"ಇವನ್ನ ಸಾಕಿದ್ದು ನಾನೇ ಅಕ್ಕ," ಅಂದ.

"ಬೆಳಬೆಳಗ್ಗೆ ವೇದಾಂತ ಬೇಡ. ಸ್ಪ್ರೇ ಹೊಡಿ."

"ಹೊಡೆದ್ರೆ ಸಾಯೋದು ಕೆಲವು. ಮಿಕ್ಕವು ಪೈಪಿನ ಸಂದಿಲಿ ಗೋಡೆಯ ಆ ಕಡೆ ಹೋಗ್ತವೆ."

"ಹೋಗ್ಲಿ ಬಿಡು. ಇವತ್ತೊಂದು ದಿನ ಕಳೆದ್ರೆ ಸಾಕು."

"ಆ ಕಡೆ ಮಕ್ಕಳ ವಾರ್ಡು."

ಅಕ್ಕ ಹಾಲಿನ ಪಾತ್ರೆಯಲ್ಲಿ ಸೌಟು ಆಡಿಸುತ್ತಲೇ ಇದ್ದಳು. "ನನಗೇನು ಗೊತ್ತಿಲ್ವಾ? ಈ ಹಾಲು ಯಾರಿಗೆ ಅಂದ್ಕೊಂಡೆ? ನಾಳೆ ಕೆಲಸ ಹೋದ್ರೆ ನೀನು ಸಾಕ್ತೀಯಾ ನನ್ನ?"

"ನನ್ನದೂ ಹೋಗುತ್ತಲ್ಲ."

"ಸರಿಹೋಯ್ತು. ಇಬ್ರೂ ಮನೇಲಿ ಕೂತು ನೊಣ ಹೊಡಿಯೋಣ."

ಅವನು ಸ್ಪ್ರೇ ಡಬ್ಬಿ ಎತ್ತಿಕೊಂಡ, ಅಲ್ಲಾಡಿಸಿದ. ಎಂಟು ವರ್ಷ ಇದೇ ನೆಲದ ಮೇಲೆ ತೆವಳಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗಿತ್ತು. ಡಬ್ಬಿಯನ್ನು ಕೆಳಗಿಟ್ಟು ಗೋಡೆಗೊರಗಿದ. ಜಿರಲೆ ಇನ್ನೂ ಜಿಡ್ಡು ತಿನ್ನುತ್ತಿತ್ತು. ಅದನ್ನು ಕೊಲ್ಲಬೇಕೆಂದೂ ಅನ್ನಿಸಲಿಲ್ಲ.

ಅಕ್ಕ ಒಮ್ಮೆ ಅವನನ್ನೂ ಒಮ್ಮೆ ಆ ಗೋಡೆಯನ್ನೂ ನೋಡಿದಳು. ಒಲೆ ಆರಿಸಿದಳು.

"ಏಳು. ಆಸ್ಪತ್ರೆಯ ದೊಡ್ಡ ಸಾಹೇಬ್ರು ಬರ್ತಿದ್ದ ಹಾಗೇ ಇರೋದನ್ನ ಹೇಳ್ಬಿಡೋಣ. ನೀನೇ ಹೇಳು, ನಾನು ಪಕ್ಕದಲ್ಲಿ ನಿಂತಿರ್ತೀನಿ. ನನ್ನ ಕೈಲಿ ಮಾತಾಡೋಕೆ ಆಗಲ್ಲ."

ತಪಾಸಣೆಯವರು ಬರುವ ಮೊದಲೇ ಇಬ್ಬರೂ ಹೋಗಿ ಹೇಳಿದರು. ಅಡುಗೆಮನೆ ಒಂದು ವಾರ ಮುಚ್ಚಿತು. ರೋಗಿಗಳಿಗೆ ಊಟ ಹೊರಗಿನಿಂದ ಬಂತು. ತಮ್ಮನ ಗುತ್ತಿಗೆ ಬೇರೆಯವರ ಪಾಲಾಯಿತು. ಅಕ್ಕನನ್ನು ಕೆಲಸದಿಂದ ತೆಗೆಯಲಿಲ್ಲ, ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು.