ದೋಣಿಯ ಮೇಲೊಂದು ಮಂಚಿಕೆ

ನನ್ನ ಗಂಡನ ಹೆಸರು ಖಂಡೆಪ್ಪ. ಆಗೆಲ್ಲ ಗಂಡನ ಹೆಸರು ಹೇಳಲು ನಾಚಿಕೆ. ಈಗ ಆ ನಾಚಿಕೆಯೂ ಇಲ್ಲ, ಅವರು ದೋಣಿಗೆ ಕಲ್ಲು ಹಾಸಿದ್ದನ್ನು ಮುಚ್ಚಿಡುವ ಮನಸ್ಸೂ ಇಲ್ಲ.

ಚಂದ್ರಂಪಳ್ಳಿ ಕೆರೆ ತುಂಬಿದ ಮೇಲೆ ನಮಗೊಂದು ಹಳೆಯ ಅಲ್ಯುಮಿನಿಯಂ ದೋಣಿ ಸಿಕ್ಕಿತ್ತು. ನಮ್ಮ ಕಡೆ ಅಲ್ಯುಮಿನಿಯಂಗೆ ಜರ್ಮನ್ ಎನ್ನುವುದರಿಂದ ಊರವರ ಬಾಯಲ್ಲಿ ಅದು ಜರ್ಮನ್ ದೋಣಿ. ಬಲೆ ಬೀಸುವವರು ನಿಲ್ಲುವ ಹಿಂಭಾಗದಲ್ಲಿ ಮಾತ್ರ ಒಂದು ಕೊಳೆತ ಹಲಗೆ. ನನ್ನ ಅತ್ತೆ ಹಣಮಮ್ಮನಷ್ಟು ಅಗಲಕ್ಕೆ ಬಲೆ ಬೀಸುವವರು ಆ ದಂಡೆಯಲ್ಲೇ ಇರಲಿಲ್ಲ. ಅಂಥವರು ಆ ಹಲಗೆಯ ಮೇಲೆ ಜಾರಿಬಿದ್ದು ಮೊಣಕಾಲು ಕೆಡಿಸಿಕೊಂಡರು. ಆಮೇಲೆ ದಂಡೆಯಲ್ಲಿ ಕುಳಿತು ಹರಿದ ಬಲೆ ಹೊಲಿಯುವುದೇ ಅವರ ಕೆಲಸವಾಯಿತು.

ಒಂದು ದಿನ ಮೀನುಗಾರರ ಸಂಘದ ಬಸವಂತರಾಯ ಬಂದ. “ಹಣಮಮ್ಮ, ನಿಂದ್ರಲಾಕ ಬರದವರು ದೋಣಿ ಹತ್ತಬ್ಯಾಡ್ರಿ. ಶಿವರಾತ್ರಿ ಆದ ಮ್ಯಾಲ ಕೆರ್ಯಾಗ ಬಲಿ ಬೀಸೋ ನಿಮ್ಮ ಜಾಗಾ ಬ್ಯಾರೆಯವರಿಗಿ ಕೊಡ್ತೀವಿ,” ಎಂದ. ಅತ್ತೆ ಆ ದಿನ ರೊಟ್ಟಿ ಮುಟ್ಟಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ನನ್ನ ಗಂಡ ಶಹಾಬಾದದ ಕಲ್ಲಿನ ಗಣಿಯಲ್ಲಿ ದುಡಿದವರು. ನಮ್ಮ ಕಡೆ ನೆಲ, ಕಟ್ಟೆ, ಹೊಸ್ತಿಲು ಎಲ್ಲವೂ ಫರಸಿ ಕಲ್ಲೇ. ಹಾಗಾಗಿ ಕೊಳೆತ ಹಲಗೆ ಕಿತ್ತು ದೋಣಿಗೂ ಅದನ್ನೇ ಹಾಸಿದರು. “ಇನ್ನ ಅವ್ವ ಜಾರೂದಿಲ್ಲ, ನೋಡ್ತಿರು,” ಎಂದು ಮೀಸೆ ತಿರುವಿದರು. ನೀರಿಗೆ ತಳ್ಳಿದ್ದೇ ತಡ, ದೋಣಿಯ ಮೂತಿ ಆಕಾಶ ನೋಡಿತು, ಹಿಂದಿನಿಂದ ನೀರು ನುಗ್ಗಿತು.

“ಖಂಡೆಪ್ಪ, ದೋಣಿ ಮಾಡ್ಲಿಕತ್ತಿಯೋ, ಗೋರಿ ಮಾಡ್ಲಿಕತ್ತಿಯೋ?” ಎಂದ ಬಸವಂತರಾಯ. ದಂಡೆಯೆಲ್ಲ ನಕ್ಕಿತು. ನಾನೂ ನಕ್ಕೆ.

ಅತ್ತೆ ನಗಲಿಲ್ಲ. “ಸಾಕು ಬಿಡೋ ಖಂಡ್ಯಾ. ನನ್ನ ಬಲಿ ಯಾರಿಗರೆ ಕೊಟ್ಟುಬಿಡು,” ಎಂದರು. ನಾನು ಅವರ ಬಲೆ ಎತ್ತಿ ನನ್ನ ಹೆಗಲಿಗೆ ಹಾಕಿಕೊಂಡೆ.

ಮನೆಗೆ ಹೋಗುವ ದಾರಿಯಲ್ಲಿ ಜೋಳ ಹಾಲುಗಾಳಾಗಿತ್ತು. ಹೊಲದ ನಡುವೆ ಕಂಬ ನೆಟ್ಟು ಎತ್ತರಕ್ಕೆ ಕಟ್ಟಿದ ಮಂಚಿಕೆಯ ಮೇಲೆ ಮುದುಕಿಯೊಬ್ಬಳು ಹಕ್ಕಿ ಓಡಿಸುತ್ತಿದ್ದಳು. ಹಿಂದೆ ಅಡ್ಡ ಕಟ್ಟಿದ ಬಡಿಗೆಯ ಮೇಲೆ ಅರೆಬರೆ ಕುಳಿತು, ಕಾಲು ಸುಮ್ಮನೆ ಊರಿ, ಸೊಂಟದ ಬಲದಲ್ಲೇ ಕವಣೆ ಬೀಸುತ್ತಿದ್ದಳು. ನಾನು ಅಲ್ಲೇ ನಿಂತುಬಿಟ್ಟೆ.

“ರೀ, ಅತ್ತಿದು ಮೊಣಕಾಲ ಹೋದ್ರ ಏನಾಯ್ತು? ನಡ ಗಟ್ಟಿ ಅದ!”

ಕಲ್ಲು ಕಿತ್ತು ಅಡುಗೆಮನೆಗೆ ಸಾಗಿಸಿದೆವು. ಬಂಡಿಗೆ ಹೆಣೆಯುವ ಹಾಗೆ ತೊಗರಿ ಕಟ್ಟಿಗೆಯ ತಟ್ಟಿ ಹೆಣೆದು ದೋಣಿಯ ಹಿಂಭಾಗಕ್ಕೆ ಹಾಸಿದೆ. ಹಗುರ, ನೀರು ನಿಲ್ಲುವುದಿಲ್ಲ, ಕಾಲು ಜಾರುವುದಿಲ್ಲ. ಅಂಚಿನಿಂದ ಅಂಚಿಗೆ ಒಂದು ಬಡಿಗೆ ಬಿಗಿಸಿ ಹಳೆಯ ಕೌದಿ ಸುತ್ತಿದೆ.

“ದೋಣಿ ಬಡಿಗೇರ ನೀನೋ, ನಾನೋ?” ಎಂದು ಗಂಡ ಗೊಣಗಿದರು.

“ನಿಮ್ಮ ಬಡಿಗತನ ನೋಡೀನಲ್ರಿ,” ಎಂದೆ.

ಶಿವರಾತ್ರಿಗೆ ಮುಂಚೆಯೇ ಅತ್ತೆಯನ್ನು ಎತ್ತಿ ಆ ಬಡಿಗೆಗೆ ಒರಗಿಸಿ, ನಡಕ್ಕೆ ಹಗ್ಗ ಕಟ್ಟಿದೆವು. ಗಂಡ ದೋಣಿ ನೀರಿಗೆ ಬಿಟ್ಟು ಹುಟ್ಟು ಹಿಡಿದರು. ಬಸವಂತರಾಯ ಕೈಕಟ್ಟಿ ನೋಡುತ್ತ ನಿಂತ. ಮೊದಲ ಬೀಸಿಗೆ ಬಲೆ ಮುದ್ದೆಯಾಗಿ ಬಿತ್ತು. ದಂಡೆಯಲ್ಲಿ ಯಾರೋ ಕೆಮ್ಮಿದರು. ಅತ್ತೆ ಬಡಿಗೆಯ ಮೇಲೆ ಸರಿದು ಕುಳಿತರು, ಪಾದ ಅಗಲಿಸಿದರು, ಸೊಂಟ ತಿರುಗಿಸಿ ಮತ್ತೆ ಬೀಸಿದರು. ಬಲೆ ಗುಂಡಗೆ, ಹಳೆಯ ಅಗಲಕ್ಕೇ ಬಿಚ್ಚಿಕೊಂಡಿತು. ದಂಡೆಯಲ್ಲಿ ನಾನು ಹುಚ್ಚಿಯ ಹಾಗೆ ಕುಣಿದೆ. ದೋಣಿಯಲ್ಲಿ ಅತ್ತೆಯ ಎದುರಿಗೆ ಕುಳಿತ ನನ್ನ ಗಂಡ ಹುಟ್ಟು ಕೈಬಿಟ್ಟು ಅಳುತ್ತಿದ್ದರು.

“ಹುಟ್ಟು ಹಾಕೋ ಖಂಡ್ಯಾ, ಅಳೂದು ಆಮ್ಯಾಲ!” ಎಂದು ಅತ್ತೆ ಕೂಗಿದ್ದು ದಂಡೆಗೆಲ್ಲ ಕೇಳಿಸಿತು.

ದೋಣಿ ಮರಳಿದಾಗ ಬಸವಂತರಾಯ ತಾನೇ ನೀರಿಗಿಳಿದು ಕೈಚಾಚಿದ. “ಇಳೀರಿ, ಯವ್ವಾ.”

ಅತ್ತೆ ಅವನ ಕೈಗೆ ಒದ್ದಾಡುವ ಮೀನಿನ ಬುಟ್ಟಿ ಕೊಟ್ಟರು. “ಮೀನಾ ಇಳಸು. ನಾ ಇಳಿಯಂಗಿಲ್ಲ.”