ಮೇಲಿನ ಪಂಚಮ

ಅಂಬುಜಾಗೆ ಮಾಲವಿಕಾಳ ಮೇಲೆ ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾದೀತು. ಇತ್ತು, ಬೇಕಾದಷ್ಟಿತ್ತು. ಇಬ್ಬರೂ ಮೂಡಿಗೆರೆಯ ವೆಂಕಟರಾಮ ಮೇಷ್ಟ್ರ ಮನೆಯಲ್ಲಿ ಒಂದೇ ಚಾಪೆಯ ಮೇಲೆ ಕೂತು ಸಂಗೀತ ಕಲಿತವರು. ಆದರೆ ಮೇಷ್ಟ್ರ ಬಾಯಲ್ಲಿ ಯಾವಾಗಲೂ ಮಾಲವಿಕಾಳ ಕಂಠದ್ದೇ ಮಾತು. ಅಂಬುಜಾಳ ಪಿಟೀಲಿಗೆ ‘ಪರವಾಗಿಲ್ಲ’ ಎನ್ನುವುದರಾಚೆ ಅವರ ನಾಲಿಗೆ ಹೊರಳಿದ್ದೇ ಇಲ್ಲ. ಅವರಿಂದ ಒಂದೇ ಒಂದು ಭೇಷ್ ಕೇಳಬೇಕೆಂದು ಅವಳು ಎಷ್ಟು ವರ್ಷ ಕಾದಿದ್ದಳೋ, ಪಾಪ.

ತೊಂಬತ್ತೆಂಟರ ರಾಮನವಮಿಗೆ ಬಣಕಲ್ಲಿನಲ್ಲಿ ಮಾಲವಿಕಾಳ ಕಛೇರಿ, ಪಕ್ಕವಾದ್ಯಕ್ಕೆ ಅಂಬುಜಾಳ ಪಿಟೀಲು. ಶುರುವಾಗುವ ಮುಂಚೆ ಮಾಲವಿಕಾ ಅವಳನ್ನು ಪಕ್ಕಕ್ಕೆ ಎಳೆದುಕೊಂಡು ಹೋದಳು.

“ಗಂಟಲಲ್ಲಿ ಗಂಟಾಗಿದೆ ಮಾರಾಯ್ತಿ. ಮೇಲಿನ ಪಂಚಮ ಹಿಡಿಯಕ್ಕೇ ಆಗ್ತಿಲ್ಲ. ಕೆಲವು ತಿಂಗಳು ಹಾಡದೆ ಇದ್ರೆ ವಾಸಿ ಆಗತ್ತಂತೆ. ಆದ್ರೆ ಮೇಷ್ಟ್ರು ಇವತ್ತು ತಮ್ಮ ನಂತ್ರ ನಾನೇ ಅಂತ ಅವ್ರ ತಂಬೂರಿ ನಂಗೆ ಕೊಡ್ತಾರೆ. ನಾನು ಅದಕ್ಕಿಂತ ಕೆಳಗೆ, ಗಾಂಧಾರದಲ್ಲೇ ನಿಲ್ಲಿಸ್ತೀನಿ. ನಿನ್ನ ಸರದಿಲಿ ನೀನು ಪಂಚಮಕ್ಕೆ ಹೋದ್ರೆ ನನ್ನ ಬಂಡವಾಳ ಬಯಲಾಗತ್ತೆ.”

ಅಂಬುಜಾ ಮಾತು ಕೊಡದೆ ಪಿಟೀಲಿಗೆ ಶ್ರುತಿ ಕೂಡಿಸಲು ಹೋದಳು. ಇಂಥ ಅವಕಾಶ ಯಾರಿಗೆ ಸಿಗುತ್ತದೆ ಹೇಳಿ!

ಕಲ್ಯಾಣಿ ರಾಗದ ಆಲಾಪನೆಯಲ್ಲಿ ಮಾಲವಿಕಾ ಹೇಳಿದಂತೆಯೇ ಗಾಂಧಾರ ಮುಟ್ಟಿ ಇಳಿದಳು. ಈಗ ಪಿಟೀಲಿನ ಸರದಿ. ಮುಂದಿನ ಸಾಲಿನಲ್ಲಿ ಮೇಷ್ಟ್ರು ಕಣ್ಣು ಮುಚ್ಚಿ ಕೂತಿದ್ದರು. ಅಂಬುಜಾಳ ಬೆರಳು ಗಾಂಧಾರಕ್ಕೆ ಬಂತು. ಇನ್ನೊಂದಿಷ್ಟು ಜಾರಿಸಿದರೆ ಪಂಚಮ, ಅವಳು ದಿನಾ ಮನೆಯಲ್ಲಿ ನುಡಿಸುವ ಪಂಚಮ. ವಾರೆಗಣ್ಣಲ್ಲಿ ನೋಡಿದರೆ ಮಾಲವಿಕಾ ಸೆರಗಿನ ಅಂಚನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದಳು. ಜ್ವರ ಬಂದ ಮಗುವಿನ ಹಾಗಿತ್ತು ಮುಖ.  ಅಂಬುಜಾಳ ಬೆರಳು ಅಲ್ಲಿಂದಲೇ ಕೆಳಗಿಳಿಯಿತು.

ಕಛೇರಿ ಮುಗಿದ ಮೇಲೆ ಮೇಷ್ಟ್ರು ತಂಬೂರಿಯನ್ನು ಮಾಲವಿಕಾಳ ಕೈಗಿಟ್ಟು ಅಂಬುಜಾಳ ಕಡೆ ತಿರುಗಿದರು.

“ನಿನ್ನ ಕೈ ಪಂಚಮಕ್ಕೆ ಏರಲ್ಲ ಅಂತ ಗೊತ್ತಿದ್ದೇ ಇವಳು ಗಾಂಧಾರದಲ್ಲಿ ನಿಂತಿದ್ದು. ಪಕ್ಕವಾದ್ಯದವ್ರ ಮಾನ ಕಾಯೋದು ಅಂದ್ರೆ ಇದು. ನೋಡಿ ಕಲಿ.”

ಅಂಬುಜಾಳ ಕಣ್ಣು ತುಂಬಿತು. ಮಾಲವಿಕಾ “ಮೇಷ್ಟ್ರೇ, ಅದು...” ಎಂದು ಬಾಯಿ ತೆಗೆದಳು. ಅಂಬುಜಾ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು.

“ಹೌದು ಮೇಷ್ಟ್ರೇ. ಅವಳು ಮೊದ್ಲಿಂದ್ಲೂ ಹಾಗೇ.”

ಮಾಲವಿಕಾಗೆ ತಡೆಯಲಾಗಲಿಲ್ಲ, ತಂಬೂರಿ ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಗುರುಭಕ್ತಿ ಎಂದುಕೊಂಡು ಮೇಷ್ಟ್ರೂ ಕಣ್ಣೊರೆಸಿಕೊಂಡರು. ಅಂಬುಜಾ ಅವಳ ಕಿವಿಯ ಹತ್ತಿರ ಬಾಗಿದಳು.

“ಅಳ್ಬೇಡ, ಗಂಟಲಿಗೆ ಒಳ್ಳೇದಲ್ಲ.”