ತೋರಣಗಲ್ಲಿಗೆ ಟಿಕೆಟು

"ಕಲ್ಲು ಕುಟ್ಟೋ ಕೈಗೆ ಕ್ಯಾಮೆರಾ ಸಿಕ್ರ ಏನಾಗ್ತದ ನೋಡ್ರಪ್ಪ," ಎಂದು ಶಂಭುಲಿಂಗ ಸಾವ್ಕಾರ ಪೆನ್‌ಡ್ರೈವನ್ನು ಸತ್ತ ಇಲಿಯ ಬಾಲ ಹಿಡಿದ ಹಾಗೆ ಎರಡು ಬೆರಳಲ್ಲಿ ಎತ್ತಿ ತೋರಿಸಿದ. "ಸಾಲ್ಯಾಗ ಎಂಟನೇತ್ತ ದಾಟಿಲ್ಲ. ಮಕ ನೋಡಿದ್ರ ಲಾರಿ ಕ್ಲೀನರ್ ಕೆಲಸಕ್ಕೂ ಯಾರೂ ಕರಿಯಂಗಿಲ್ಲ. ಇವಗ ಡಾಕ್ಯುಮೆಂಟ್ರಿ ಒಂದು ಕೇಡು!"

ಮ್ಯಾಟ್ನಿಗೆ ಸಾಲು ನಿಂತಿದ್ದವರು ನಕ್ಕರು. ನಗು ಬಾರದವರೂ ಸಾವ್ಕಾರನ ಮುಖ ನೋಡಿ ನಕ್ಕರು. ಚಿತ್ರ ತಂದು ಕೊಟ್ಟು ಎದುರಿಗೇ ನಿಂತಿದ್ದ ಹುಲಿಗೇಶನ ಕಿವಿ ಕಾದ ಹಂಚಾದವು.

ಹೊಸಪೇಟೆಯ ಆ ಟಾಕೀಸು, ಕಂಪ್ಲಿಯ ಎರಡು ಅಕ್ಕಿ ಗಿರಣಿ ಶಂಭುಲಿಂಗನವು. ಅದಕ್ಕೂ ಮೊದಲು, ಕಬ್ಬಿಣದ ಅದಿರಿಗೆ ಬಂಗಾರದ ಬೆಲೆ ಬಂದ ಕಾಲದಲ್ಲಿ, ಪಾಪಿನಾಯಕನಹಳ್ಳಿಯ ಹೊಲಗಳನ್ನು ಗುತ್ತಿಗೆ ಹಿಡಿದು ಅಗೆಸಿದವನೂ ಅವನೇ. ಆ ಹೊಲಗಳಲ್ಲಿ ಹತ್ತು ವರ್ಷದ ಹುಲಿಗೇಶ ಶಾಲೆ ತಪ್ಪಿಸಿ ಸುತ್ತಿಗೆ ಹಿಡಿದಿದ್ದ. ಅವನ ಪಕ್ಕ ಕೂತು ಅದಿರು ಕುಟ್ಟುತ್ತಿದ್ದ, ಅವನದೇ ವಯಸ್ಸಿನ ಗಂಗೋತ್ರಿ ಒಂದು ಮಧ್ಯಾಹ್ನ ಗುಂಡಿಯ ದಂಡೆ ಕುಸಿದು ಮಣ್ಣೊಳಗೆ ಹೋದಳು. ಊರಿನ ಬಾಯಲ್ಲಿ ಮಾತ್ರ ಅವಳು ಬಾವಿಗೆ ಜಾರಿ ಬಿದ್ದು ಸತ್ತಳೆಂದಾಯಿತು. ಗುಂಡಿ ನಿಂತರೆ ಮನೆಮನೆಯ ಒಲೆ ಆರುತ್ತದೆಂದು ಹಿರಿಯರೆಲ್ಲ ಹೂಂಗುಟ್ಟಿದರು. ಹದಿನೈದು ವರ್ಷ ತುಟಿ ಬಿಚ್ಚದಿದ್ದ ಅವಳ ತಾಯಿ ಜಂಬವ್ವ ಈಗ ಹುಲಿಗೇಶನ ಮೊಬೈಲಿನ ಮುಂದೆ ಕೂತು ನಡೆದದ್ದನ್ನು ನಡೆದ ಹಾಗೆ ಹೇಳಿದ್ದಳು. ಹೇಳುವ ಮೊದಲು ಒಂದೇ ಕರಾರು ಹಾಕಿದ್ದಳು. "ನಮ್ಮೂರು ಕೇಳ್ಬೇಕು. ಬ್ಯಾರೆಯವ್ರು ಕೇಳಿದ್ರೇನು, ಬಿಟ್ರೇನು."

ಸಾಲು ಒಳಗೆ ಹೋದ ಮೇಲೆ ಸಾವ್ಕಾರನ ದನಿ ಬೆಣ್ಣೆಯಾಯಿತು. ಹುಲಿಗೇಶನನ್ನು ಆಫೀಸಿಗೆ ಕರೆದು ಚಹಾ ತರಿಸಿದ.

"ಪೂರ್ತಿ ನೋಡೀನಿ. ಕೆಟ್ಟಿಲ್ಲ. ಮೂವತ್ತನೇ ನಿಮಿಷದಿಂದ ನಾಕು ನಿಮಿಷ ಆ ಮುದುಕಿ ಏನೋ ಒದರತಾಳ, ಅದನ್ನ ತಗಿ. ಐತಾರ ಬೆಳಿಗ್ಗೆ ಶೋ ಪುಕ್ಕಟೆ ಕೊಡ್ತೀನಿ. ಸ್ಟೇಜಿನ ಮ್ಯಾಲೆ ನಿಂಗ ಶಾಲು ಹಾಕ್ತೀನಿ."

"ಒದರಿಲ್ರಿ ಆಕಿ," ಎಂದ ಹುಲಿಗೇಶ. "ಮೆಲ್ಲಗೆ ಹೇಳ್ಯಾಳ. ನಿಮಗ ಜೋರು ಕೇಳಿಸೇತಿ, ಅಷ್ಟ."

ಚಹಾ ಮುಟ್ಟದೆ, ಮೇಜಿನ ಮೇಲಿದ್ದ ಪೆನ್‌ಡ್ರೈವ್ ಎತ್ತಿಕೊಂಡು ಹೊರಬಿದ್ದ.

ಬೇರೆ ಬಾಗಿಲುಗಳನ್ನೂ ಅವನು ತಟ್ಟಿ ನೋಡಿದ್ದ. ಬೆಂಗಳೂರಿನ ಚಿತ್ರೋತ್ಸವವೊಂದು ಮಾತಿನ ಕೆಳಗೆ ಇಂಗ್ಲಿಷ್ ಅಕ್ಷರ ಹಾಕಿಸಿಕೊಂಡು ಬಾ ಎಂದಿತ್ತು. ಯೂಟ್ಯೂಬಿನಲ್ಲಿ ಮಂದಿ ನೋಡಿದ್ದು ನೂರಾ ಹನ್ನೆರಡು ಸಲ. ಅದರಲ್ಲಿ ನಲವತ್ತು ಸಲ ನೋಡಿದವನು ಗೆಳೆಯ ತಿಪ್ಪೇಶನೇ. ಬಸ್ ಸ್ಟ್ಯಾಂಡಿನ ಹಿಂದೆ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ತಿಪ್ಪೇಶನ ಹಳೇ ಕಂಪ್ಯೂಟರಿನಲ್ಲೇ ಇಬ್ಬರೂ ಕೂತು ಚಿತ್ರವನ್ನು ಕತ್ತರಿಸಿ ಜೋಡಿಸಿದ್ದರು.

"ಟಾಕೀಸು ಬ್ಯಾಡಲೇ," ಎಂದ ತಿಪ್ಪೇಶ, ಯಾರದೋ ಫೋನಿನ ಹೊಟ್ಟೆ ಬಗೆಯುತ್ತ. "ನಿಮ್ಮೂರ ಮಂದಿ ಟಾಕೀಸಿಗೆ ವರ್ಷಕ್ಕೊಮ್ಮೆ ಬಂದ್ರ ಭಾಳ ಆತು. ದಿನಾ ಎಲ್ಲಿ ಕುಂದರ್ತಾರ ಹೇಳು?"

ಎದುರಿಗೇ ಹೊನ್ನೂರುಸ್ವಾಮಿಯ ಪ್ರೈವೇಟ್ ಬಸ್ಸು ನಿಂತಿತ್ತು. ಹೊಸಪೇಟೆಯಿಂದ ಪಾಪಿನಾಯಕನಹಳ್ಳಿ, ತೋರಣಗಲ್ಲು ದಾಟಿ ಬಳ್ಳಾರಿಗೆ ದಿನಕ್ಕೆ ಎರಡು ಟ್ರಿಪ್ಪು. ಡ್ರೈವರ್ ತಲೆಯ ಮೇಲೆ ಟೀವಿ. ಅದರಲ್ಲಿ ಮೂರು ವರ್ಷದಿಂದ ಅದೇ ಎರಡು ಹೊಡೆದಾಟದ ಪಿಕ್ಚರು. ಬಸ್ಸಿನ ಮಾಲೀಕನೂ ಡ್ರೈವರೂ ತಾನೇ ಆದ ಹೊನ್ನೂರುಸ್ವಾಮಿ ಹುಲಿಗೇಶನ ಮಾತು ಕೇಳಿ ಬಾಯೊಳಗಿನ ಎಲೆಯಡಿಕೆ ಉಗುಳಿದ.

"ಹೆಣ್ಮಕ್ಕಳೆಲ್ಲ ಸರ್ಕಾರಿ ಬಸ್ಸಿಗೆ ಪುಕ್ಕಟೆ ಹೊಂಟಾರ. ನನಗ ಉಳದಿದ್ದು ಗಂಡಸ್ರು, ಕೋಳಿ, ಉಳ್ಳಾಗಡ್ಡಿ ಚೀಲ. ನೀ ಟೀವ್ಯಾಗ ಏನರ ಹಚ್ಚು, ನನ್ನ ಗಂಟೇನು ಹೋಗ್ತದ?"

ಮರುದಿನ ಸಂಜೆಯ ಟ್ರಿಪ್ಪಿನಲ್ಲಿ ಹುಲಿಗೇಶ ಹಿಂದಿನ ಸೀಟಿನಲ್ಲಿ ಕೂತ. ಪಾಪಿನಾಯಕನಹಳ್ಳಿಯ ಇಪ್ಪತ್ತು ಮೂವತ್ತು ಗಂಡಸರು ಬಸ್ಸಿನಲ್ಲಿದ್ದರು. ಪರದೆಯ ಮೇಲೆ ಊರಿನ ಅಗಸಿ ಬಾಗಿಲು ಕಂಡದ್ದೇ ತಡ, ಬಸ್ಸು ಎದ್ದು ಕೂತಿತು.

"ಏ, ನಮ್ಮ ಎರ್ರಿಯಪ್ಪ ಕಾಕಾನ ಎತ್ತಲೇ ಅದು!"

"ಎತ್ತಿಗಿಂತ ಕಾಕಾನ ಚಂದ ಕಾಣ್ತಾನ ಬಿಡು!"

ಮುಂದಿನ ಸೀಟಿನಲ್ಲಿದ್ದ ಎರ್ರಿಯಪ್ಪ ಮೀಸೆಯಡಿಯಲ್ಲಿ ನಕ್ಕ. ಶಿಳ್ಳೆ ಬಿತ್ತು. ಹುಲಿಗೇಶನ ಎದೆ ಉಬ್ಬಿತು. ಆದರೆ ಇಪ್ಪತ್ತೈದನೇ ನಿಮಿಷಕ್ಕೆ ಕಂಡಕ್ಟರ್ ಮರಿಸ್ವಾಮಿ ಸೀಟಿ ಊದಿದ. ಊರು ಬಂದಿತ್ತು. ಎಲ್ಲರೂ ಚೀಲ ಹೆಗಲಿಗೇರಿಸಿ, ಅವನ ಬೆನ್ನು ತಟ್ಟಿ, ದಡದಡ ಇಳಿದು ಹೋದರು. ಜಂಬವ್ವ ಬಾಯಿ ಬಿಟ್ಟಾಗ ಬಸ್ಸಿನಲ್ಲಿದ್ದವರು ಬಳ್ಳಾರಿಯ ನಾಲ್ವರು ಪರ ಊರಿನವರು. ಇಬ್ಬರು ನಿದ್ದೆ ಹೋಗಿದ್ದರು.

ಆರು ತಿಂಗಳು ಚಿತ್ರ ಕತ್ತರಿಸಿದವನಿಗೆ ದಿನಾ ಓಡಾಡುವ ಆ ದಾರಿ ಎಷ್ಟು ಹೊತ್ತಿನದೆಂಬುದು ಹೊಳೆದಿರಲಿಲ್ಲ. ತನ್ನ ತಲೆಯನ್ನು ತಾನೇ ಮುಂದಿನ ಸೀಟಿನ ಕಂಬಿಗೆ ಜಜ್ಜಿಕೊಳ್ಳಬೇಕೆನಿಸಿತು.

ಬೆಳಿಗ್ಗೆ ಜಂಬವ್ವ ಅಂಗಳದಲ್ಲಿ ಹುಣಸೆ ಬೀಜ ಬಿಡಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು. "ಕೇಳಿದ್ರೇನಪ್ಪಾ?"

"ನಿನ್ನ ಮಾತು ಬರೋದು ಮೂವತ್ತನೇ ನಿಮಿಷಕ್ಕ. ಅಷ್ಟೊತ್ತಿಗೆ ಇಳದುಬಿಟ್ರು, ಅವ್ವಾ."

ಅವಳು ಕೈಯಲ್ಲಿದ್ದ ಹುಣಸೆ ಹಣ್ಣನ್ನು ಪೂರ್ತಿ ಬಿಡಿಸಿ ಮುಗಿಸಿದಳು. "ಗಂಗೋತ್ರಿ ಹೋದ ದಿನಾನೂ ಹಿಂಗ ಕೈಬಿಟ್ಟು ಇಳದ್ರು," ಎಂದಳು. "ನಾ ಬಾಯಿ ತೆರಿಯಾಕ ಹದಿನೈದು ವರ್ಷ ತಡ ಮಾಡಿದೆ. ನೀನೂ ಮೂವತ್ತು ನಿಮಿಷ ತಡ ಮಾಡಿದಿ. ಇಬ್ರೂ ಒಂದ."

ಹುಲಿಗೇಶ ಅಲ್ಲಿಂದ ಸೀದಾ ತಿಪ್ಪೇಶನ ಅಂಗಡಿಗೆ ಬಂದು ಕಂಪ್ಯೂಟರಿನ ಮುಂದೆ ಕೂತ. ಸಾವ್ಕಾರ ತೆಗೆ ಅಂದಿದ್ದ ನಾಲ್ಕು ನಿಮಿಷವನ್ನು ಎತ್ತಿ ಚಿತ್ರದ ತಲೆಗೇ ಇಟ್ಟ. ತಿಪ್ಪೇಶ ಹೌಹಾರಿದ.

"ಲೇ, ಹುಚ್ಚಗಿಚ್ಚ ಹಿಡದದೇನು? ಮೊದಲು ಊರು ತೋರಿಸಬೇಕು, ಎತ್ತು ತೋರಿಸಬೇಕು, ಆಮ್ಯಾಲೆ ಸಾವು. ಸುರುವಿಗೇ ಸಾವು ತೋರಿಸಿದ್ರ ಯಾರು ಕುಂದರ್ತಾರ?"

"ಟಾಕೀಸಿನ್ಯಾಗ ಹಂಗ. ಇದು ಬಸ್ಸು. ಇಳಿಯೋದ್ರಾಗ ಹೇಳಬೇಕು."

ಆ ಸಂಜೆ ಬಸ್ಸು ಹೊಸಪೇಟೆಯ ಅಂಚಿನ ಕಾರಿಗನೂರು ದಾಟುವ ಮೊದಲೇ ಜಂಬವ್ವನ ಮುಖ ಪರದೆ ತುಂಬಿತು. ಶಿಳ್ಳೆ ಹಾಕಲು ಬಾಯಿಗೆ ಬೆರಳಿಟ್ಟವನು ಹಾಗೇ ಉಳಿದ. ಅವಳು ಅಳಲಿಲ್ಲ. ಯಾರು ಗುಂಡಿಗೆ ಮೊದಲು ಓಡಿ ಬಂದರು, ಯಾರ ಎತ್ತಿನ ಗಾಡಿಯಲ್ಲಿ ಮಗುವನ್ನು ಬಾವಿಯ ಕಡೆಗೆ ಒಯ್ದರು, ಒಣಗಿದ್ದ ಲಂಗಕ್ಕೆ ಯಾರು ಕೊಡದಿಂದ ನೀರು ಸುರುವಿದರು, ಒಂದೊಂದನ್ನೂ ಪೇಟೆಯಿಂದ ತಂದ ಸಾಮಾನು ಎಣಿಸಿದಂತೆ ಹೇಳಿದಳು. ಗಾಡಿ ಎರ್ರಿಯಪ್ಪನದು. ಗುಂಡಿ ಶಂಭುಲಿಂಗನದು.

ಎರ್ರಿಯಪ್ಪ ಎದ್ದು ನಿಂತ. "ಆರಸ್ರಲೇ ಅದನ್ನ! ಹೊನ್ನೂರಾ, ಆರಸ್ತೀಯೋ ಇಲ್ಲೋ?"

ಹೊನ್ನೂರುಸ್ವಾಮಿ ಕನ್ನಡಿಯಲ್ಲಿ ಅವನನ್ನು ನೋಡಿದ. "ಸ್ಟೇರಿಂಗ್ ಹಿಡದೀನಿ ಕಾಕಾ, ಕೈ ಬಿಡಂಗಿಲ್ಲ. ನೀವ ಬಂದು ಆರಸ್ರಿ."

ಟೀವಿಗೆ ನಾಲ್ಕು ಹೆಜ್ಜೆಯಿತ್ತು. ಎರ್ರಿಯಪ್ಪ ಎರಡು ಹೆಜ್ಜೆ ಇಟ್ಟ. ಹಿಂದಿನಿಂದ ಯಾರೋ ಹೇಳಿದರು, "ಕುಂದ್ರು ಕಾಕಾ. ಕೇಳೂಣು." ಹೇಳಿದವರು ಯಾರೆಂದು ತಿರುಗಿ ನೋಡಲು ಅವನಿಗಾಗಲಿಲ್ಲ. ನಿಂತಲ್ಲೇ ಸೀಟಿನ ಬೆನ್ನು ಹಿಡಿದುಕೊಂಡ. ಹುಲಿಗೇಶ ಮುಷ್ಟಿ ಬಿಗಿದು ಕೂತಿದ್ದ. ಜಗಳಕ್ಕೆ ಸಿದ್ಧನಾಗಿಯೇ ಬಂದಿದ್ದ.

ಊರು ಬಂದಾಗ ಚಿತ್ರ ಇನ್ನೂ ಓಡುತ್ತಿತ್ತು. ಮರಿಸ್ವಾಮಿ ಸೀಟಿ ಊದಿದ. ಬಾಗಿಲು ತೆರೆದೇ ಇತ್ತು. ಕೆಳಗೆ ಯಾರದೋ ಮನೆಯ ಒಗ್ಗರಣೆಯ ವಾಸನೆ ಮೇಲೇರಿ ಬಂತು. ಯಾರೂ ಏಳಲಿಲ್ಲ.

"ಪಾಪಿನಾಯಕನಹಳ್ಳಿ! ಇಳೀರಿ, ಜಲ್ದಿ ಇಳೀರಿ!"

ಎರ್ರಿಯಪ್ಪ ನಿಧಾನಕ್ಕೆ ಕೂತ. ಅಂಗಿಯ ಕಿಸೆಗೆ ಕೈ ಹಾಕಿದ. "ತೋರಣಗಲ್ಲಿಗೆ ಒಂದು ಟಿಕೆಟ್ ಕೊಡು," ಎಂದ.

"ಅಲ್ಲೇನೈತಿ ಕಾಕಾ ನಿಮಗ?"

"ಕೊಡಂದ್ರ ಕೊಡಲೇ."

ಊರಿನವರಿಗೆಲ್ಲ ಸೇರಿ ಮರಿಸ್ವಾಮಿ ಇಪ್ಪತ್ತಾರು ಟಿಕೆಟು ಹರಿದ. ಊರು ಹಿಂದಕ್ಕೆ ಸರಿದು ಹೋಯಿತು.

ತೋರಣಗಲ್ಲಿನಿಂದ ಅವರೆಲ್ಲ ಹೇಗೆ ವಾಪಸು ಬಂದರೋ, ಯಾವ ಟೆಂಪೋ ಹತ್ತಿದರೋ, ಹುಲಿಗೇಶ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಜಂಬವ್ವನ ಅಂಗಳದಲ್ಲಿ ಎರ್ರಿಯಪ್ಪ ಕುಕ್ಕರಗಾಲಲ್ಲಿ ಕೂತಿದ್ದುದನ್ನು ಮಾತ್ರ ದೂರದಿಂದ ಕಂಡ. ಅವಳು ಅವನಿಗೆ ನೀರು ಕೊಟ್ಟಿರಲಿಲ್ಲ. ಎದ್ದು ಹೋಗು ಅಂತಲೂ ಅಂದ ಹಾಗಿರಲಿಲ್ಲ.

ಒಂದೇ ವಾರದಲ್ಲಿ ಸಂಡೂರಿನ ಬಸ್ಸಿನವನು ಬಂದು ಪೆನ್‌ಡ್ರೈವ್ ಕೇಳಿದ, ಕಂಪ್ಲಿಯವನು ಕೇಳಿದ. ತಿಪ್ಪೇಶ ರಿಪೇರಿ ಬಿಟ್ಟು ಕಾಪಿ ತೆಗೆಯಲು ಕೂತ. ಗುಂಡಿಗಳು ಒಂದೇ ಊರಿನಲ್ಲಿರಲಿಲ್ಲವಲ್ಲ. ಪ್ರತಿ ದಾರಿಗೂ ಹುಲಿಗೇಶ ಬಸ್ಸಿನಲ್ಲಿ ಕೂತು ಗಡಿಯಾರ ನೋಡಿ, ಯಾವ ಊರಿನವರು ಯಾವ ನಿಮಿಷಕ್ಕೆ ಇಳಿಯುತ್ತಾರೆಂದು ಲೆಕ್ಕ ಹಾಕಿ, ಚಿತ್ರವನ್ನು ಬೇರೆ ಬೇರೆ ಹಾಗೆ ಜೋಡಿಸಿ ಕೊಟ್ಟ. ಪುಕ್ಕಟೆ ಬಸ್ಸು ಎದುರಿಗೆ ನಿಂತಿದ್ದರೂ ಹೆಂಗಸರು ಕಾಸು ಕೊಟ್ಟು ಪ್ರೈವೇಟ್ ಬಸ್ಸು ಹತ್ತತೊಡಗಿದರು. ಹೊನ್ನೂರುಸ್ವಾಮಿ ಟೀವಿಗೆ ಹೂವಿನ ಹಾರ ಹಾಕಿದ.

ಎಂಟನೆಯ ದಿನ ಮಧ್ಯಾಹ್ನ ಬಸ್ ಸ್ಟ್ಯಾಂಡಿಗೆ ಬಿಳಿ ಕಾರು ಬಂತು. ಶಂಭುಲಿಂಗ ಸಾವ್ಕಾರ ತಾನೇ ಇಳಿದು, ಚಹಾದಂಗಡಿಯ ಮುಂದೆ ನಿಂತಿದ್ದ ಹುಲಿಗೇಶನ ಹೆಗಲ ಮೇಲೆ ಕೈ ಇಟ್ಟ. ಡ್ರೈವರುಗಳು, ಹಮಾಲರು, ಹೂವಿನವಳು, ಎಲ್ಲರೂ ತಿರುಗಿ ನೋಡಿದರು.

"ಆವತ್ತು ನಾಲಿಗಿ ಜಾರಿತು, ಮನಸ್ಸಿಗೆ ಹಚ್ಚಿಕೋಬ್ಯಾಡ," ಎಂದ, ಎಲ್ಲರಿಗೂ ಕೇಳುವ ಹಾಗೆ. "ಐತಾರ ನನ್ನ ಟಾಕೀಸು ನಿಂದು. ಒಂದು ಶೋ ಅಲ್ಲ, ನಾಕು ಶೋ. ಒಂದು ನಿಮಿಷನೂ ತಗಿಬ್ಯಾಡ. ಗೇಟಿನ ಮ್ಯಾಲೆ ನಿನ್ನ ಆಳೆತ್ತರದ ಫೋಟೋ. ಈ ಬಸ್ಸಿನಾಗಿಂದ ಅಷ್ಟ ತಗದುಬಿಡು. ಡಾಕ್ಯುಮೆಂಟ್ರಿ ಅಂದ್ರ ಮರ್ಯಾದಿ ಇರೋ ವಸ್ತು. ಕೋಳಿ ಕುಂದ್ರೋ ಜಾಗದಾಗ ತೋರಸ್ತಾರೇನು? ಏನಂತಿ?"

ಹುಲಿಗೇಶನ ನಾಲಿಗೆಯ ತುದಿಗೆ ಹತ್ತು ಬೈಗುಳ ಬಂದು ನಿಂತವು. ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಹಮಾಲರು ಅವಕ್ಕಾಗಿಯೇ ಬೀಡಿ ಕೆಳಗಿಳಿಸಿ ಕಾಯುತ್ತಿದ್ದರು. ಹೆಗಲ ಮೇಲಿನ ಕೈಯಲ್ಲಿ ಮೂರು ಉಂಗುರಗಳಿದ್ದವು. ಅಂಗಿಯ ಮೇಲಿಂದಲೇ ಅವುಗಳ ತಣ್ಣಗಿನ ಭಾರ ಗೊತ್ತಾಗುತ್ತಿತ್ತು.

"ಏನಂತಿ ಮಗನ?" ಸಾವ್ಕಾರ ಮತ್ತೆ ಕೇಳಿದ.

ಹುಲಿಗೇಶ ಆ ಕೈಯನ್ನು ಮಣಿಕಟ್ಟು ಹಿಡಿದು ಎತ್ತಿ ಕೆಳಗೆ ಬಿಟ್ಟ. ಚಹಾದ ಲೋಟ ಕಟ್ಟೆಯ ಮೇಲಿಟ್ಟ. ತಿರುಗಿ ಸಂಡೂರಿನ ಬಸ್ಸಿನ ಕಡೆ ನಡೆದ.

ಬಸ್ಸಿನ ಪಕ್ಕದಲ್ಲಿ ಹೆಂಗಸರು ತುದಿಗಾಲಲ್ಲಿ ನಿಂತು, ಕಿಟಕಿಯೊಳಗೆ ಕೈ ತೂರಿಸಿ ಸೀಟು ಹಿಡಿಯುತ್ತಿದ್ದರು. ಅವನು ಹತ್ತಿದಾಗ ಟೀವಿಯ ಮುಂದಿನ ಸೀಟುಗಳ ಮೇಲೆಲ್ಲ ಒಂದೊಂದು ಗುರುತು ಬಿದ್ದಿತ್ತು: ಬುತ್ತಿಯ ಗಂಟು, ಒಂದು ಚಪ್ಪಲಿ, ಮಗುವಿನ ಕುಲಾವಿ, ಬಾಡಿಹೋದ ಕೊತ್ತಂಬರಿ ಕಟ್ಟು. ಅವನಿಗೆ ಕೂರಲು ಜಾಗವಿರಲಿಲ್ಲ. ಕಂಬಿ ಹಿಡಿದು ನಿಂತ.